ಮದುವೆಗೆ ಕಾಗದವಿಲ್ಲ, ಗಂಡ ತೀರಿಕೊಂಡಿದ್ದಾರೆ: ಹೆಂಡತಿ ಎಂದು ಸಾಬೀತು ಮಾಡುವುದು ಹೇಗೆ?

"ಮದುವೆ ಸರ್ಟಿಫಿಕೇಟ್ ತನ್ನಿ ಅಮ್ಮ, ಆಮೇಲೆ ನೋಡೋಣ."

ಬ್ಯಾಂಕಿನ ಕೌಂಟರ್ ಆಚೆಯಿಂದ ಬಂದ ಈ ಮಾತಿಗೆ ನಮ್ಮ ಚಿಕ್ಕಮ್ಮ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಚಿಕ್ಕಪ್ಪ ತೀರಿಕೊಂಡು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಬೇಲೂರು ಕಡೆಯ ಹಳ್ಳಿಯೊಂದರಲ್ಲಿ ಮೂವತ್ತೊಂದು ವರ್ಷ ಒಟ್ಟಿಗೆ ಬಾಳಿದವರು. ಚಿಕ್ಕಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು, ಆಗಿದ್ದರು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಚಿಕ್ಕಮ್ಮನನ್ನು ಮದುವೆಯಾಗಿದ್ದರು. ಎರಡನೇ ಸಂಬಂಧ ಅಂತ ಎಲ್ಲ ಸರಳವಾಗಿ ನಡೆದಿತ್ತು. ಮನೆ ಮುಂದೆ ಸಣ್ಣ ಚಪ್ಪರ, ಹತ್ತಿರದ ನೆಂಟರು, ಧಾರೆ, ತಾಳಿ, ಮಧ್ಯಾಹ್ನದ ಊಟ. ಲಗ್ನಪತ್ರಿಕೆ ಅಚ್ಚು ಹಾಕಿಸಿರಲಿಲ್ಲ. ಫೋಟೋದವರನ್ನೂ ಕರೆಸಿರಲಿಲ್ಲ. ಮಕ್ಕಳಾಗಲಿಲ್ಲ.

ತಿಥಿ ಮುಗಿದ ವಾರದಲ್ಲೇ ಮೈದುನ ಊರಲ್ಲಿ ಹೇಳಿಕೊಂಡು ತಿರುಗಿದ. "ಅವರು ಮನೆ ನೋಡಿಕೊಳ್ಳೋಕೆ ಬಂದವರು. ಮದುವೆ ಆಗಿದ್ದಕ್ಕೆ ಏನಿದೆ ದಾಖಲೆ?" ಅತ್ತೆ ಮಾವ ಇಬ್ಬರೂ ಇಲ್ಲ, ಮಕ್ಕಳಿಲ್ಲ. ಚಿಕ್ಕಮ್ಮ ಹೆಂಡತಿ ಅಲ್ಲ ಎಂದಾದರೆ ಎರಡು ಎಕರೆ ತೋಟ, ಮನೆ, ಬ್ಯಾಂಕಿನ ಹಣ ಎಲ್ಲ ಅವನ ಪಾಲಿಗೆ.

ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ನಾನು ಚಿಕ್ಕಮ್ಮನ ಜೊತೆ ಬ್ಯಾಗು ಹಿಡಿದು ಓಡಾಡಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆ ಇಂಥ ಹೆಂಗಸರು ಒಬ್ಬಿಬ್ಬರಲ್ಲ. ಅವರಿಗೆ, ಅವರ ಜೊತೆ ಓಡಾಡುವ ಮಕ್ಕಳಿಗೆ ಉಪಯೋಗ ಆಗಲಿ ಎಂದು ಕಲಿತದ್ದನ್ನು ಬರೆಯುತ್ತಿದ್ದೇನೆ. ಎಲ್ಲದಕ್ಕೂ ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಜಗಳ ಶುರುವಾಗುವ ಮೊದಲೇ ಹುಟ್ಟಿದ ಕಾಗದಕ್ಕೆ ಇರುವ ತೂಕ, ಸಾವಾದ ಮೇಲೆ ಮಾಡಿಸಿದ ಕಾಗದಕ್ಕೆ ಇರುವುದಿಲ್ಲ. ನೀವು ಹುಡುಕಬೇಕಾದದ್ದು ಹಳೆಯದನ್ನು.

ಸರ್ಟಿಫಿಕೇಟ್ ಇಲ್ಲದಿದ್ದರೆ ಮದುವೆಯೇ ಅಲ್ಲವೇ?

ಖಂಡಿತ ಹಾಗಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ನೋಡಿ. ಗಂಡಿನ ಕಡೆಯ ಅಥವಾ ಹೆಣ್ಣಿನ ಕಡೆಯ, ಯಾವುದಾದರೂ ಒಂದು ಕಡೆಯ ಪದ್ಧತಿಯಂತೆ ಶಾಸ್ತ್ರ ನಡೆದಿದ್ದರೆ ಮದುವೆ ಮದುವೆಯೇ. ಸಪ್ತಪದಿ ಆ ಪದ್ಧತಿಯಲ್ಲಿ ಇದ್ದರೆ ಮಾತ್ರ ಏಳನೇ ಹೆಜ್ಜೆಗೆ ಮದುವೆ ಪೂರ್ತಿ ಆಗುತ್ತದೆ. ನಮ್ಮ ಕಡೆ ಎಷ್ಟೋ ಜನರಲ್ಲಿ ಧಾರೆ ಎರೆದು ತಾಳಿ ಕಟ್ಟಿದರೆ ಮದುವೆ ಆಯಿತು. ಅಗ್ನಿ ಇಲ್ಲ, ಏಳು ಹೆಜ್ಜೆ ಇಲ್ಲ, ಕೆಲವು ಕಡೆ ಪುರೋಹಿತರೂ ಇಲ್ಲ. ಅದು ನಿಮ್ಮ ಕುಲದ ಪದ್ಧತಿ ಎಂದು ತೋರಿಸಿದರೆ ಸಾಕು.

ಅದೇ ಕಾಯ್ದೆಯ 8ನೇ ಕಲಂನ 5ನೇ ಉಪಕಲಂ ಇನ್ನೂ ನೇರವಾಗಿದೆ. ನೋಂದಣಿ ಮಾಡಿಸಿಲ್ಲ ಎಂಬ ಕಾರಣಕ್ಕೆ ಮದುವೆಯ ಸಿಂಧುತ್ವಕ್ಕೆ ಧಕ್ಕೆ ಇಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಮದುವೆಗಳ ನೋಂದಣಿ ಕಡ್ಡಾಯ ಆಗಬೇಕು ಎಂದಿತು, ನಿಜ. ನೋಂದಣಿ ಒಳ್ಳೆಯ ಪುರಾವೆ. ಅದು ಇಲ್ಲ ಅಂದಮಾತ್ರಕ್ಕೆ ಮದುವೆ ಬಿದ್ದುಹೋಗುವುದಿಲ್ಲ. 2024ರಲ್ಲಿ ಅದೇ ಕೋರ್ಟ್ ಇನ್ನೊಂದು ಕಡೆಯಿಂದ ಇದನ್ನೇ ಹೇಳಿತು. ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಅದು ಹಿಂದೂ ಮದುವೆ ಆಗುವುದಿಲ್ಲ ಎಂದು. ಕೌಂಟರಿನಲ್ಲಿ ಯಾರಾದರೂ ಸರ್ಟಿಫಿಕೇಟ್ ಇಲ್ಲದೆ ಆಗುವುದೇ ಇಲ್ಲ ಎಂದರೆ, "ಹಾಗಂತ ಬರವಣಿಗೆಯಲ್ಲಿ ಕೊಡಿ" ಎಂದು ಕೇಳಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಟ್ಟರೆ ಮುಂದೆ ಕೋರ್ಟಿನಲ್ಲಿ ಅದೂ ಬೇಕಾಗುತ್ತದೆ.

ಗಂಡ ಹೋದ ಮೇಲೆ ಮದುವೆ ನೋಂದಣಿ ಮಾಡಿಸಬಹುದಾ ಎಂದು ಹಲವರು ಕೇಳುತ್ತಾರೆ. ಅದಕ್ಕೆ ಇಬ್ಬರ ಸಹಿಯೂ ಬೇಕು. ಆ ದಾರಿ ಮುಚ್ಚಿದೆ. ಹಳೇ ತಾರೀಕು ಹಾಕಿ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಬಂದರೆ ಅವರನ್ನು ಹತ್ತಿರ ಸೇರಿಸಬೇಡಿ. ಒಂದು ಸುಳ್ಳು ಕಾಗದ ಸಿಕ್ಕಿಬಿದ್ದರೆ ನಿಮ್ಮ ಹತ್ತು ನಿಜವಾದ ಕಾಗದಗಳ ಮೇಲೂ ಅನುಮಾನ ಬೀಳುತ್ತದೆ.

ಪರಿಶಿಷ್ಟ ಪಂಗಡದವರಿಗೆ ಒಂದು ವಿಶೇಷ ಮಾತು. ಮಲೆಕುಡಿಯರು, ಹಸಲರು, ಬೇಲೂರು ಕಡೆಯ ಹಕ್ಕಿಪಿಕ್ಕಿಯವರು ಇದನ್ನು ಗಮನಿಸಬೇಕು. ಹಿಂದೂ ವಿವಾಹ ಕಾಯ್ದೆ, ಹಿಂದೂ ಉತ್ತರಾಧಿಕಾರ ಕಾಯ್ದೆ ಎರಡೂ ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು ಪಂಗಡದವರಿಗೆ ತಾನಾಗಿ ಅನ್ವಯಿಸುವುದಿಲ್ಲ. ನಿಮ್ಮಲ್ಲಿ ಮದುವೆಯನ್ನೂ ಪಾಲನ್ನೂ ತೀರ್ಮಾನಿಸುವುದು ಪದ್ಧತಿಯೇ. ಆದ್ದರಿಂದ ಪದ್ಧತಿ ಬಲ್ಲ ಹಿರಿಯರ ಸಾಕ್ಷಿ ನಿಮಗೆ ಇನ್ನೂ ಜಾಸ್ತಿ ಬೇಕು. ಮುಸ್ಲಿಮರಾದರೆ ಜಮಾತಿನ ನಿಕಾಹ್ ಪುಸ್ತಕ, ಕ್ರೈಸ್ತರಾದರೆ ಚರ್ಚಿನ ರಿಜಿಸ್ಟರ್ ಮೊದಲು ಹುಡುಕಿ. ಅವರ ಪಾಲಿನ ಲೆಕ್ಕ ಬೇರೆ.

ಮೊದಲ ತಿಂಗಳು: ಮೂರು ಕೆಲಸ, ಒಂದು ಎಚ್ಚರಿಕೆ

ಮರಣ ಪ್ರಮಾಣ ಪತ್ರ ಮೊದಲು. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಮಾಹಿತಿ ಕೊಡುವಾಗ ಸಂಗಾತಿಯ ಹೆಸರನ್ನು ನೀವೇ ನಿಂತು ಬರೆಸಿ. ಸಾವಿನ ಮನೆಯಲ್ಲಿ ಈ ಕೆಲಸ ಯಾರೋ ಒಬ್ಬರ ಪಾಲಿಗೆ ಬೀಳುತ್ತದೆ. ನಮ್ಮಲ್ಲಿ ಮೈದುನನೇ ಹೋಗಿ ಬರೆಸಿದ್ದ. ತಂದೆ ಹೆಸರು ಇತ್ತು, ಹೆಂಡತಿ ಹೆಸರಿನ ಜಾಗ ಖಾಲಿ ಇತ್ತು. ಆ ಖಾಲಿ ಜಾಗವನ್ನೇ ಮುಂದೆ ಅವನ ವಕೀಲರು ಎತ್ತಿ ತೋರಿಸಿದರು.

ಎರಡನೆಯದು, ಆಸ್ತಿಯ ಪಟ್ಟಿ. ಪಹಣಿ, ಮನೆಯ ಖಾತೆ, ಪಾಸ್‌ಬುಕ್, ಠೇವಣಿ ರಸೀದಿ, ಪಿಎಫ್, ವಿಮೆ, ಸಹಕಾರ ಸಂಘದ ಷೇರು, ಸಾಲ ಕೂಡ. ಯಾವುದಕ್ಕೆ ನಾಮಿನಿ ಇದ್ದಾರೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ.

ಮೂರನೆಯದು, ತಾಲ್ಲೂಕು ಕಚೇರಿಗೆ ಒಂದು ತಕರಾರು ಅರ್ಜಿ. "ನಾನು ಮೃತರ ಹೆಂಡತಿ. ನನಗೆ ನೋಟಿಸ್ ಕೊಡದೆ ಪೌತಿ ಖಾತೆ ಮಾಡಬಾರದು." ಇಷ್ಟು ಸಾಕು. (ಪೌತಿ ಖಾತೆ ಎಂದರೆ ತೀರಿಕೊಂಡವರ ಭೂಮಿಯ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು.) ಸರ್ವೆ ನಂಬರ್ ಹಾಕಿ, ಸ್ವೀಕೃತಿ ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಖಾತೆ ಬದಲಾದ ಮೇಲೆ ಓಡುವುದಕ್ಕಿಂತ ಬದಲಾಗುವ ಮೊದಲು ತಡೆಯುವುದು ಎಷ್ಟೋ ಸುಲಭ.

ಎಚ್ಚರಿಕೆ ಏನೆಂದರೆ, ಈ ದಿನಗಳಲ್ಲಿ ಯಾವ ಕಾಗದಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ. "ಸುಮ್ನೆ ಒಂದು ಸಹಿ ಅತ್ತಿಗೆ, ಸೊಸೈಟಿ ಸಾಲಕ್ಕೆ ಬೇಕು" ಎಂದು ತಂದ ಕಾಗದ ಹಕ್ಕು ಬಿಡುಗಡೆ ಪತ್ರ ಆಗಿರಬಹುದು. ಅಸಲು ದಾಖಲೆಗಳನ್ನೂ ಯಾರ ಕೈಗೂ ಕೊಡಬೇಡಿ. ಝೆರಾಕ್ಸ್ ಕೊಡಿ.

ಹಳೆಯ ಕಾಗದ ಎಲ್ಲೆಲ್ಲಿ ಸಿಗುತ್ತದೆ

ಇಲ್ಲಿ ಎಷ್ಟು ಬೆವರು ಸುರಿಸುತ್ತೀರೋ ಅಷ್ಟು ಒಳ್ಳೆಯದು. ಚಿಕ್ಕಮ್ಮ ಮೊದಲು "ನನ್ನತ್ರ ಏನೂ ಇಲ್ಲ ಕಣಪ್ಪ" ಎಂದರು. ಆರು ತಿಂಗಳ ಹೊತ್ತಿಗೆ ಹತ್ತೊಂಬತ್ತು ಕಾಗದ ಸಿಕ್ಕಿತ್ತು.

ನಮ್ಮ ಹಳೇ ಮೈಸೂರು ಕಡೆಯ ಕಾಗದಗಳಲ್ಲಿ ಒಂದು ಪುಟ್ಟ ಪದ ಇದೆ: "ಕೋಂ". ಗಂಡಸಿನ ಹೆಸರಿನ ಮುಂದೆ "ಬಿನ್" ಎಂದು ತಂದೆ ಹೆಸರು ಬರುವಂತೆ, ಹೆಂಗಸಿನ ಹೆಸರಿನ ಮುಂದೆ "ಕೋಂ" ಎಂದು ಗಂಡನ ಹೆಸರು ಬರುತ್ತದೆ. ಕಂದಾಯ ರಸೀದಿ, ಕ್ರಯಪತ್ರ, ಸೊಸೈಟಿ ಸಾಲದ ಬಾಂಡು, ನ್ಯಾಯಬೆಲೆ ಅಂಗಡಿಯ ಪುಸ್ತಕ, ಎಲ್ಲಿ ಬೇಕಾದರೂ ಅದು ಅಡಗಿರುತ್ತದೆ. ಚಿಕ್ಕಮ್ಮ ಎಂದೋ ಪಕ್ಕದ ಮನೆಯವರ ಭೂಮಿ ಕ್ರಯಕ್ಕೆ ಸಾಕ್ಷಿ ಹಾಕಿದ್ದರು. ಆ ಪತ್ರದ ಕೊನೆಯಲ್ಲಿ ಅವರ ಹೆಸರು, "ಕೋಂ", ಚಿಕ್ಕಪ್ಪನ ಹೆಸರು. ಆಸ್ತಿ ಅವರದಲ್ಲ, ಜಗಳ ಅವರದಲ್ಲ, ಇಪ್ಪತ್ತು ವರ್ಷದ ಹಿಂದಿನ ಮಾತು. ಉಪನೋಂದಣಿ ಕಚೇರಿಯ ದೃಢೀಕೃತ ನಕಲು ತೆಗೆಸಿದೆವು. ನಮ್ಮ ವಕೀಲರು ಆ ಪುಟವನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟು, "ಇದು ಬೇಕಿತ್ತು" ಎಂದರು.

ಹುಡುಕಬೇಕಾದ ಕಡೆಗಳನ್ನು ಹೇಳುತ್ತೇನೆ. ಹಳೆಯ ರೇಷನ್ ಕಾರ್ಡು, ಅದರಲ್ಲಿ ಮನೆಯವರ ಸಂಬಂಧ ಬರೆದಿರುತ್ತದೆ. ಹಳೆಯ ಮತದಾರರ ಪಟ್ಟಿ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡು. ಮಕ್ಕಳಿದ್ದರೆ ಜನನ ಪ್ರಮಾಣ ಪತ್ರ, ತಾಯಿ ಕಾರ್ಡು, ಶಾಲೆಯ ದಾಖಲಾತಿ ಪುಸ್ತಕದ ನಕಲು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಸ್ವಸಹಾಯ ಸಂಘದ ಸಾಲದ ಪುಸ್ತಕ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಅದರಲ್ಲೂ ಆಪರೇಷನ್‌ಗೆ ಮೊದಲು "ರೋಗಿಗೆ ಸಂಬಂಧ" ಎಂಬ ಜಾಗದಲ್ಲಿ ಹೆಂಡತಿ ಎಂದು ಬರೆದು ಸಹಿ ಮಾಡಿದ ಒಪ್ಪಿಗೆ ಪತ್ರ. ಆಧಾರನ್ನು ಜಾಸ್ತಿ ನಂಬಬೇಡಿ. ಈಗಿನ ಕಾರ್ಡಿನಲ್ಲಿ ಕೇರಾಫ್ ಎಂದಷ್ಟೇ ಬರುತ್ತದೆ, ಸಂಬಂಧ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ತೀರಿಕೊಂಡವರೇ ಬರೆದ ಕಾಗದ. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 26ನೇ ಕಲಂ ಪ್ರಕಾರ ಸಂಬಂಧದ ಬಗ್ಗೆ ತೀರಿಕೊಂಡವರು ತಮ್ಮ ಸ್ವಂತ ತಿಳಿವಳಿಕೆಯಿಂದ ಹೇಳಿದ, ಬರೆದ ಮಾತು ಸಾಕ್ಷ್ಯಕ್ಕೆ ಬರುತ್ತದೆ. ಒಂದೇ ಷರತ್ತು, ಅದು ವಿವಾದ ಹುಟ್ಟುವ ಮೊದಲಿನದ್ದಾಗಿರಬೇಕು. ನಾನು ಶುರುವಿನಲ್ಲಿ ಹೇಳಿದ ಮಾತಿಗೆ ಕಾನೂನಿನ ಬಲ ಇರುವುದು ಇಲ್ಲೇ. ತೋಟದ ಆಫೀಸಿನಲ್ಲಿ ಚಿಕ್ಕಪ್ಪನ ಪಿಎಫ್ ನಾಮಿನೇಷನ್ ಫಾರಂ ಸಿಕ್ಕಿತು. ರೈಟರ್ ಅಲ್ಲವೇ, ಅಕ್ಷರ ಮುತ್ತಿನ ಹಾಗೆ. ನಾಮಿನಿ ಹೆಸರು, ಪಕ್ಕದಲ್ಲಿ "ಸಂಬಂಧ: ಹೆಂಡತಿ". ಚಿಕ್ಕಮ್ಮನಿಗೆ ಓದು ಬರುವುದಿಲ್ಲ. ಆದರೂ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದರು.

30 ವರ್ಷ ದಾಟಿದ ಕಾಗದ ಸರಿಯಾದ ಕಡೆಯಿಂದ, ಇರಬೇಕಾದವರ ವಶದಿಂದ ಬಂದಿದ್ದರೆ, ಅದರ ಸಹಿ ಬರಹ ನಿಜವೆಂದು ಕೋರ್ಟ್ ಊಹಿಸಬಹುದು. ಅದಕ್ಕೇ ಟ್ರಂಕಿನಲ್ಲಿ ಸಿಕ್ಕಿದ್ದನ್ನು ಒರೆಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಮೇಲೆ ಪೆನ್ನಿನಲ್ಲಿ ಏನೂ ಬರೆಯಬೇಡಿ. ಮೊಬೈಲಿನಲ್ಲಿರುವ ವಿಡಿಯೋ, ಫೋಟೋ ಕೊಡುವುದಾದರೆ ಅದೇ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣ ಪತ್ರ ಬೇಕು. ಆ ಫೋನನ್ನು ಮಾರಬೇಡಿ, ರಿಪೇರಿಗೆ ಕೊಟ್ಟು ಅಳಿಸಿಕೊಳ್ಳಬೇಡಿ.

ಮುಯ್ಯಿ ಪುಸ್ತಕ

ಇದನ್ನು ಬೇರೆಯಾಗಿ ಹೇಳಲೇಬೇಕು. ನಮ್ಮ ಕಡೆ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಬರೆದಿಡುತ್ತಾರೆ, ತಿರುಗಿ ಅವರ ಮನೆ ಮದುವೆಗೆ ಹಾಕಬೇಕಲ್ವಾ. ನಮ್ಮ ಅಜ್ಜಿಯ ಟ್ರಂಕಿನಲ್ಲಿ ನಲವತ್ತು ಪುಟದ ನೋಟ್‌ಬುಕ್ ಸಿಕ್ಕಿತು. ಮೂಲೆಗೆ ಅರಿಶಿಣ ಕುಂಕುಮ. ಮೇಲೆ ಮದುವೆಯ ತಾರೀಕು, ಹೆಣ್ಣು ಗಂಡಿನ ಹೆಸರು. ಕೆಳಗೆ ಸಾಲಾಗಿ: 11 ರೂಪಾಯಿ, 21 ರೂಪಾಯಿ, ಒಂದು ಸ್ಟೀಲ್ ಚೊಂಬು, ರವಿಕೆ ಕಣ, ಎರಡು ಸೇರು ಅಕ್ಕಿ. ಒಟ್ಟು ನಲವತ್ತೊಂದು ಹೆಸರು.

ಪುರಾವೆಯಾಗಿ ಅದರ ಬೆಲೆ ದೊಡ್ಡದೇ. ಆದರೆ ಅದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿತ್ತು. ಅದು ಅವತ್ತು ಚಪ್ಪರದಲ್ಲಿ ಕೂತಿದ್ದವರ ಪಟ್ಟಿ! ಒಂದೊಂದೇ ಹೆಸರು ಹಿಡಿದು ಹೊರಟೆವು. ಹಲವರು ಇಲ್ಲ. ಕೆಲವರು ಊರು ಬಿಟ್ಟಿದ್ದಾರೆ. ಇಬ್ಬರಿಗೆ ನೆನಪಿಲ್ಲ. ಕೊನೆಗೆ ಮೂವರು ಸಿಕ್ಕರು, ಅವರಲ್ಲಿ ಒಬ್ಬರು ಅವತ್ತು ಆ ಪುಸ್ತಕ ಬರೆದವರೇ. ನಿಮ್ಮ ಮನೆಯಲ್ಲೂ ಅಂಥ ಪುಸ್ತಕ ಇದೆಯಾ ನೋಡಿ. ಹೆಣ್ಣಿನ ತವರಿನಲ್ಲಿ ಹುಡುಕಿ, ಗಂಡಿನ ಮನೆಯದು ಎದುರಿನವರ ಕೈಯಲ್ಲಿರುತ್ತದೆ.

ಬೇರೆಯವರ ಮನೆಯ ಲಗ್ನಪತ್ರಿಕೆಗಳೂ ಕೆಲಸಕ್ಕೆ ಬರುತ್ತವೆ. ಕೆಳಗೆ ಹೆಸರು ಹಾಕಿ ಕರೆದವರ ಸಾಲಿನಲ್ಲಿ ನೀವಿಬ್ಬರೂ "ಶ್ರೀಮತಿ ಮತ್ತು ಶ್ರೀ" ಎಂದು ಇದ್ದೀರಾ? ಗೃಹಪ್ರವೇಶದಲ್ಲಿ ಇಬ್ಬರೂ ಪೂಜೆಗೆ ಕೂತ ಫೋಟೋ ಇದೆಯಾ? ತಂಗಿಯ ಮದುವೆಯಲ್ಲಿ ಗಂಡ ಹೆಂಡತಿಯಾಗಿ ಧಾರೆಗೆ ನಿಂತಿದ್ದೀರಾ? ದೇವಸ್ಥಾನದಲ್ಲಿ ಇಬ್ಬರ ಹೆಸರಲ್ಲಿ ಸೇವೆ ಮಾಡಿಸಿದ ರಸೀದಿ ಇದೆಯಾ? ಎಲ್ಲ ತೆಗೆದಿಡಿ.

ಸಿಕ್ಕಿದ್ದನ್ನೆಲ್ಲ ತಾರೀಕಿನ ಕ್ರಮದಲ್ಲಿ ಜೋಡಿಸಿ. ಹಳೆಯದು ಮೇಲೆ. ಮದುವೆಯಿಂದ ಸಾವಿನವರೆಗೆ ನಡುವೆ ದೊಡ್ಡ ಖಾಲಿ ಬಿಡದ ಹಾಗೆ ಕಾಗದ ಬರಬೇಕು. ಖಾಲಿ ಇರುವ ವರ್ಷಗಳನ್ನು ಗುರುತು ಮಾಡಿಕೊಂಡು ಆ ವರ್ಷಗಳಿಗಾಗಿಯೇ ಮತ್ತೆ ಹುಡುಕಿ.

ಸಾಕ್ಷಿಗಳು

ಮದುವೆ ಕಣ್ಣಾರೆ ಕಂಡವರು ಒಂದು ಬಗೆ. ಗಂಡ ಹೆಂಡತಿಯಾಗಿ ಬಾಳಿದ್ದನ್ನು ಕಂಡವರು ಇನ್ನೊಂದು ಬಗೆ. ಎರಡೂ ಬೇಕು. ಮೊದಲನೆಯವರು ಸಿಗದಿದ್ದರೂ ಎದೆಗುಂದಬೇಡಿ. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಬದ್ರಿ ಪ್ರಸಾದ್ ಪ್ರಕರಣದಲ್ಲಿ ಜೋಡಿಯೊಂದು ಸುಮಾರು 50 ವರ್ಷ ಗಂಡ ಹೆಂಡತಿಯಾಗಿ ಬಾಳಿತ್ತು. ಅರ್ಧ ಶತಮಾನ ಆದ ಮೇಲೆ ಕಣ್ಣಾರೆ ಕಂಡವರನ್ನು ತಂದು ನಿಲ್ಲಿಸಿ ಎಂದರೆ ಎಷ್ಟು ಜನರಿಂದ ಆದೀತು ಎಂದು ಕೋರ್ಟೇ ಕೇಳಿತು. ದೀರ್ಘಕಾಲ ಹಾಗೆ ಬಾಳಿದ್ದರೆ ಮದುವೆ ಆಗಿದೆ ಎಂದೇ ಬಲವಾಗಿ ಊಹಿಸಬೇಕು, ಅಲ್ಲ ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎಂದಿತು. ಆದರೆ ಇದು ಮುರಿಯಬಹುದಾದ ಊಹೆ. ಎದುರಿನವರು ಗಟ್ಟಿ ಪುರಾವೆ ತಂದರೆ ನಿಲ್ಲುವುದಿಲ್ಲ.

ಸಾಕ್ಷ್ಯ ಅಧಿನಿಯಮದ 44ನೇ ಕಲಂ ಇಲ್ಲಿ ನೆರವಿಗೆ ಬರುತ್ತದೆ. ಸಂಬಂಧವನ್ನು ಹತ್ತಿರದಿಂದ ಬಲ್ಲವರು ತಮ್ಮ ನಡವಳಿಕೆಯಲ್ಲಿ ತೋರಿಸಿದ ನಂಬಿಕೆ ಸಾಕ್ಷ್ಯ ಆಗುತ್ತದೆ. "ಅವರು ಗಂಡ ಹೆಂಡತಿ ಅಂತ ಊರಿಗೇ ಗೊತ್ತು" ಎಂದರೆ ಅದಕ್ಕೆ ಬೆಲೆ ಕಮ್ಮಿ. "ನನ್ನ ಮಗಳ ಮದುವೆಗೆ ಅವರಿಬ್ಬರನ್ನೂ ದಂಪತಿ ಅಂತ ಕರೆದು ಮಡಿಲು ತುಂಬಿದೆ, ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮುತ್ತೈದೆ ಅಂತ ಬಾಗಿನ ಕೊಟ್ಟಿದ್ದೇನೆ" ಎಂದರೆ ಅದು ಸಾಕ್ಷಿ. ಆದ್ದರಿಂದ ಸಾಕ್ಷಿಗಳ ಹತ್ತಿರ ಹೋದಾಗ ಅಭಿಪ್ರಾಯ ಕೇಳಬೇಡಿ. ಅವರು ಏನು ಮಾಡಿದರು, ಏನು ನೋಡಿದರು ಎಂದು ಕೇಳಿ.

ಎಲ್ಲರೂ ನಿಮ್ಮ ತವರಿನವರೇ ಆದರೆ ಎದುರಿನವರು ಅದನ್ನೇ ಹಿಡಿಯುತ್ತಾರೆ. ಗಂಡನ ಕಡೆಯ ಒಬ್ಬರಾದರೂ ಇರಲಿ. ತೋಟದ ಮೇಸ್ತ್ರಿ, ಶಾಲೆಯ ಮೇಷ್ಟ್ರು, ಅಂಗನವಾಡಿ ಟೀಚರ್, ಹಾಲಿನ ಡೈರಿಯವರು, ಹೀಗೆ ಆಸ್ತಿಯಲ್ಲಿ ಪಾಲಿಲ್ಲದವರು ಒಳ್ಳೆಯ ಸಾಕ್ಷಿಗಳು. ಹೇಳಿಕೊಟ್ಟು ಬಾಯಿಪಾಠ ಮಾಡಿಸಬೇಡಿ. ಮೂರು ಜನ ಒಂದೇ ಮಾತನ್ನು ಒಂದೇ ರೀತಿ ಹೇಳಿದರೆ ಪಾಟೀಸವಾಲಿನಲ್ಲಿ, ಅಂದರೆ ಎದುರಿನ ವಕೀಲರು ಪ್ರಶ್ನೆ ಕೇಳುವಾಗ, ಮೂವರೂ ಬೀಳುತ್ತಾರೆ. ಮೂವತ್ತು ವರ್ಷದ ಹಿಂದಿನ ವಾರ, ಗಂಟೆ ನೆನಪಿಲ್ಲದಿದ್ದರೆ "ನೆನಪಿಲ್ಲ" ಎನ್ನಲಿ, ಅದರಲ್ಲಿ ತಪ್ಪಿಲ್ಲ.

ಸಾಕ್ಷಿಗೆ ವಯಸ್ಸಾಗಿದ್ದರೆ ತಡ ಮಾಡಬೇಡಿ. ಕೋರ್ಟಿಗೆ ಬರಲಾಗದವರ ಮನೆಗೇ ಹೋಗಿ ಹೇಳಿಕೆ ದಾಖಲಿಸಲು ಕೋರ್ಟಿನ ಪರವಾಗಿ ಕಮಿಷನರ್ ನೇಮಿಸಿ ಎಂದು ಅರ್ಜಿ ಹಾಕಬಹುದು. ಮುಯ್ಯಿ ಬರೆದವರಿಗೆ ಎಂಬತ್ತಮೂರು ವರ್ಷ. ನಾವು ಹಾಗೆಯೇ ಮಾಡಿಸಿದೆವು. ನೋಟ್‌ಬುಕ್ ಕೈಗೆ ಕೊಟ್ಟಾಗ ಅವರು ಕನ್ನಡಕ ಸರಿಮಾಡಿಕೊಂಡು, "ಈ ಅಕ್ಷರ ನಂದೇ. ಈ ಪುಟದಲ್ಲಿ ಮಸಿ ಮುಗಿದು ಬೇರೆ ಪೆನ್ನು ತಗೊಂಡೆ" ಎಂದು ಬಣ್ಣ ಬದಲಾದ ಸಾಲು ತೋರಿಸಿದರು.

ಎರಡನೇ ಸಂಬಂಧ, ಕೂಡಿಕೆ, ಬಿಡುಗಡೆ: ಇಲ್ಲಿ ಜಾಗ್ರತೆ

ಜಾಸ್ತಿ ಹೆಂಗಸರು ಸೋಲುವುದು ಈ ಜಾಗದಲ್ಲಿ. ಗಂಡನಿಗೆ ಮೊದಲೊಂದು ಮದುವೆ ಆಗಿತ್ತು ಎಂದರೆ, ನಿಮ್ಮ ಮದುವೆಯ ದಿನ ಅದು ಮುಗಿದಿತ್ತು ಎಂದು ತೋರಿಸಬೇಕು. ಮೊದಲ ಹೆಂಡತಿ ತೀರಿಕೊಂಡಿದ್ದರೆ ಅವರ ಮರಣ ದಾಖಲೆ ಹುಡುಕಿ. ಹಳೆಯ ಸಾವುಗಳು ರಿಜಿಸ್ಟರಿನಲ್ಲಿ ಬರೆದಿಲ್ಲದೆ ಇರಬಹುದು. ಆಗ "ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹ ತೆಗೆದುಕೊಂಡು, ಮಣ್ಣು ಮಾಡಿದ್ದನ್ನು ಕಂಡವರ ಸಾಕ್ಷಿ ಹಾಕಿಸಿ. ನಮಗೆ ಈ ಒಂದು ಕಾಗದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಗಂಡ ಸತ್ತ ಹೆಂಗಸು ಅಥವಾ ಬಿಡುಗಡೆ (ವಿಚ್ಛೇದನ) ಆದ ಹೆಂಗಸು ಮತ್ತೆ ಕೂಡಿಕೆ ಆಗುವ ಪದ್ಧತಿ ಹಲವು ಜಾತಿಗಳಲ್ಲಿದೆ. ಸೀರೆ ಉಡಿಸಿ, ಹಿರಿಯರ ಮುಂದೆ ತಾಳಿ ಕಟ್ಟಿ ಮುಗಿಸುತ್ತಾರೆ. ಇದು ಮದುವೆಯೇ. ಆದರೆ ಆ ಪದ್ಧತಿ ನಿಮ್ಮ ಜಾತಿಯಲ್ಲಿ ಬಹಳ ಕಾಲದಿಂದ, ಬಿಡದೆ, ಒಂದೇ ರೀತಿ ನಡೆದುಬಂದಿದೆ ಎಂದು ತೋರಿಸಬೇಕು. ಅದಕ್ಕೆ ನಿಮ್ಮ ಮದುವೆಯ ಸಾಕ್ಷಿ ಸಾಲದು. ಅದೇ ಜಾತಿಯಲ್ಲಿ ಹಾಗೆ ಮದುವೆಯಾಗಿ, ಆಸ್ತಿಯಲ್ಲಿ ಪಾಲು ಪಡೆದ ಬೇರೆ ಕುಟುಂಬಗಳ ಉದಾಹರಣೆ ಬೇಕು. ಜಾತಿಯ ಹಿರಿಯರೊಬ್ಬರು ಎರಡು ಮೂರು ಅಂಥ ಮನೆಗಳ ವಿಚಾರ ಹೇಳಿದರೆ ಪದ್ಧತಿ ನಿಲ್ಲುತ್ತದೆ.

ಪಂಚಾಯ್ತಿಯಲ್ಲಿ ಮಾಡಿದ ಬಿಡುಗಡೆ ಪತ್ರವೂ ಹಾಗೆಯೇ. ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಪದ್ಧತಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆ ಜಾತಿಯಲ್ಲಿ ಪದ್ಧತಿ ಇದೆ ಎಂದು ಸಾಬೀತಾದರೆ ಮಾತ್ರ. ಛಾಪಾ ಕಾಗದದ ಮೇಲೆ ಬರೆದುಕೊಂಡ ಮಾತ್ರಕ್ಕೆ ವಿಚ್ಛೇದನ ಆಗುವುದಿಲ್ಲ.

ಮೊದಲ ಹೆಂಡತಿ ಬದುಕಿದ್ದು, ಆ ಮದುವೆ ಮುಗಿಯದೆಯೇ ನಿಮ್ಮ ಮದುವೆ ಆಗಿದ್ದರೆ, ಕಾನೂನಿನಲ್ಲಿ ನಿಮಗೆ ಹೆಂಡತಿಯ ಪಾಲು ಸಿಗುವುದಿಲ್ಲ. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ಸರಿಯಲ್ಲ. ಆದರೆ ನಿಮ್ಮ ಮಕ್ಕಳ ಹಕ್ಕು ಹೋಗಿಲ್ಲ. 16ನೇ ಕಲಂ ಪ್ರಕಾರ ಅವರು ತಂದೆಯ ಮಕ್ಕಳೇ. 2023ರಲ್ಲಿ ಸುಪ್ರೀಂ ಕೋರ್ಟ್, ಒಟ್ಟು ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲೂ ಅವರಿಗೆ ಹಕ್ಕಿದೆ ಎಂದು ತೀರ್ಪು ಕೊಟ್ಟಿದೆ. ಅವರ ಹೆಸರಿನಲ್ಲಿ ಕೇಳಿ.

ಎಷ್ಟು ಪಾಲು, ಯಾವ ಕಚೇರಿ

ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು, ಗಂಡನ ತಾಯಿ ಇವರಿಗೆ ಸಮನಾಗಿ. ಹೆಂಡತಿ, ಇಬ್ಬರು ಮಕ್ಕಳು, ಅತ್ತೆ ಇದ್ದರೆ ನಾಲ್ಕು ಪಾಲು. ಇವರಲ್ಲಿ ಒಬ್ಬರಿದ್ದರೂ ಗಂಡನ ಅಣ್ಣತಮ್ಮಂದಿರಿಗೆ ಏನೂ ಇಲ್ಲ. ಪಿತ್ರಾರ್ಜಿತದ ಲೆಕ್ಕ ಬೇರೆ, ಅದನ್ನು ವಕೀಲರ ಹತ್ತಿರ ಕೂತು ಮಾಡಿಸಿ.

ಬ್ಯಾಂಕಿನಲ್ಲಿ ನಾಮಿನಿ ಇದ್ದರೆ ಹಣ ಅವರ ಕೈಗೆ ಕೊಡುತ್ತಾರೆ. ಆದರೆ ನಾಮಿನಿ ಮಾಲೀಕರಲ್ಲ, ವಾರಸುದಾರರ ಪರವಾಗಿ ಇಟ್ಟುಕೊಂಡವರು. ಹಾಗಾಗಿ ಮೈದುನ ನಾಮಿನಿ ಆಗಿದ್ದರೂ ನಿಮ್ಮ ಹಕ್ಕು ಉಳಿಯುತ್ತದೆ. ನಾಮಿನಿ ಇಲ್ಲದ ಖಾತೆಗಳಿಗೆ ರಿಸರ್ವ್ ಬ್ಯಾಂಕ್ 2025ರಲ್ಲಿ ಹೊಸ ನಿರ್ದೇಶನ ಕೊಟ್ಟಿದೆ. ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ, ಉಳಿದ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿವರೆಗೆ, ವಿವಾದ ಇಲ್ಲದಿದ್ದರೆ, ಹಣ ಪಡೆಯುವ ಹಕ್ಕು ಯಾರದೆಂದು ಹೇಳುವ ಕೋರ್ಟಿನ ಉತ್ತರಾಧಿಕಾರ ಪತ್ರ ಕೇಳದೆ ಸರಳ ರೀತಿಯಲ್ಲಿ ಇತ್ಯರ್ಥ ಮಾಡಬೇಕು. ಆದರೆ ಯಾರಾದರೂ ತಕರಾರು ಕೊಟ್ಟಿದ್ದರೆ ಕೋರ್ಟಿಗೇ ಹೋಗಬೇಕು.

ಭೂಮಿಗೆ ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷ. ಗ್ರಾಮ ಆಡಳಿತಾಧಿಕಾರಿ ಊರಿನಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ. ವಿಚಾರಣೆಗೆ ಬಂದ ದಿನ ನೀವು ಮನೆಯಲ್ಲಿರಿ, ಅಕ್ಕಪಕ್ಕದವರೂ ಇರಲಿ. ಆಮೇಲೆ ಪೌತಿ ಖಾತೆಗೆ ಅರ್ಜಿ. ಎದುರಿನವರು ತಕರಾರು ಹಾಕಿದರೆ ತಹಸೀಲ್ದಾರರ ಮುಂದೆ ವಿಚಾರಣೆ. ಅಲ್ಲಿ ಸೋತರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಹಾಸನ ಜಿಲ್ಲೆಯವರಿಗೆ ಹಾಸನ ಅಥವಾ ಸಕಲೇಶಪುರ, ಚಿಕ್ಕಮಗಳೂರಿನವರಿಗೆ ಚಿಕ್ಕಮಗಳೂರು ಅಥವಾ ತರೀಕೆರೆ. ಒಂದು ವಿಷಯ ತಿಳಿದಿರಲಿ. ಮದುವೆ ಆಗಿತ್ತೋ ಇಲ್ಲವೋ ಎಂಬುದನ್ನು ಕಂದಾಯ ಕಚೇರಿ ಕೊನೆಯದಾಗಿ ತೀರ್ಮಾನಿಸಲಾರದು. ಅದು ಸಿವಿಲ್ ಕೋರ್ಟಿನ ಕೆಲಸ. ವಂಶವೃಕ್ಷದಲ್ಲಿ ಹೆಸರು ಬಿಟ್ಟರು ಎಂದು ಬದುಕೇ ಹೋಯಿತು ಅಂದುಕೊಳ್ಳಬೇಡಿ.

ಕೋರ್ಟಿನಲ್ಲಿ

ಬ್ಯಾಂಕ್ ಹಣ, ಪಿಎಫ್, ಷೇರುಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 372ನೇ ಕಲಂ ಕೆಳಗೆ ಉತ್ತರಾಧಿಕಾರ ಪತ್ರಕ್ಕೆ ಅರ್ಜಿ. ಗಂಡ ಕೊನೆಗೆ ವಾಸವಿದ್ದ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿ ಹಾಕಬೇಕು. ಸಾವಿನ ದಿನ, ವಾಸದ ಊರು, ಹತ್ತಿರದ ನೆಂಟರ ಹೆಸರು ವಿಳಾಸ, ನಿಮ್ಮ ಹಕ್ಕು ಯಾವ ಆಧಾರದ್ದು, ಹಣದ ವಿವರ ಎಲ್ಲ ಬರೆಯಬೇಕು. ಜಗಳ ಮಾಡುವ ಮೈದುನನ ಹೆಸರನ್ನೂ ಬಿಡಬೇಡಿ. ಮುಚ್ಚಿಟ್ಟು ಪಡೆದ ಪತ್ರವನ್ನು ಮುಂದೆ ರದ್ದು ಮಾಡಿಸಬಹುದು. ಇದು ಸಂಕ್ಷಿಪ್ತ ವಿಚಾರಣೆ. ಇಲ್ಲಿನ ತೀರ್ಮಾನ ನಿಮ್ಮ ವಿರುದ್ಧ ಬಂದರೂ ಬೇರೆ ದಾವೆಯಲ್ಲಿ ಹಕ್ಕು ಕೇಳಲು 387ನೇ ಕಲಂ ಅವಕಾಶ ಇಟ್ಟಿದೆ. ಈ ಪತ್ರದಿಂದ ಭೂಮಿ ಬರುವುದಿಲ್ಲ. ಭೂಮಿಗೆ ವಿವಾದ ಇದ್ದರೆ ನೀವು ಹಕ್ಕುದಾರರೆಂದು ಘೋಷಿಸಲು ಕೇಳುವ ದಾವೆ, ಪಾಲಿನ ದಾವೆ ಬೇರೆ ಹಾಕಬೇಕು. ಜೊತೆಗೇ ಪರಭಾರೆ (ಮಾರಾಟ, ವರ್ಗಾವಣೆ) ಮಾಡದಂತೆ ತಡೆಯಾಜ್ಞೆ ಕೇಳಿ.

ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರ ನೆರವು ಇದೆ. ಜಿಲ್ಲಾ ನ್ಯಾಯಾಲಯದಲ್ಲಿ, ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವೆಗಳ ಕಚೇರಿ ಕೇಳಿ. ಸಹಾಯವಾಣಿ 15100.

ಪಾಟೀಸವಾಲಿನ ದಿನ ಚಿಕ್ಕಮ್ಮನಿಗೆ ಕೇಳಿದ ಪ್ರಶ್ನೆಗಳು ಕಠಿಣವಾಗಿದ್ದವು. "ಮದುವೆಗೆ ಪುರೋಹಿತರು ಯಾರು?" "ಪುರೋಹಿತರು ಇರಲಿಲ್ಲ ಸ್ವಾಮಿ, ನಮ್ಮಲ್ಲಿ ಎರಡನೇ ಸಂಬಂಧಕ್ಕೆ ಕರೆಯೋದಿಲ್ಲ. ನಮ್ಮ ಸೋದರಮಾವ ಧಾರೆ ಎರೆದರು." "ಒಂದು ಫೋಟೋನಾದರೂ ಇದೆಯಾ?" "ಇಲ್ಲ." "ಹಾಗಾದರೆ ಮದುವೆಯೇ ಆಗಿಲ್ಲ ಎಂದರೆ ಸರಿ ತಾನೆ?" "ಸರಿಯಲ್ಲ." ಅಷ್ಟೇ. ಜಾಸ್ತಿ ಮಾತಾಡಲಿಲ್ಲ, ಅಳಲಿಲ್ಲ. ಕೇಳಿದ್ದಕ್ಕೆ ಮಾತ್ರ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಉತ್ತರಾಧಿಕಾರ ಪತ್ರ ಚಿಕ್ಕಮ್ಮನ ಹೆಸರಿಗೆ ಆಯಿತು. ಅದರ ಮೇಲೆ ಬ್ಯಾಂಕಿನ ಹಣ ಬಂತು. ಪಿಎಫ್‌ಗೆ ನಾಮಿನಿ ಅವರೇ ಆಗಿದ್ದರಿಂದ ಅದು ಮೊದಲೇ ಬಂದಿತ್ತು. ತೋಟದ ದಾವೆ ಇನ್ನೂ ನಡೆಯುತ್ತಿದೆ, ಆದರೆ ಅಲ್ಲಿ ಅದೇ ಸಾಕ್ಷಿ, ಅದೇ ಕಾಗದ ಬೇಕು. ಆದ್ದರಿಂದ ಆದೇಶ ಬಂದ ಕೂಡಲೇ ಎಲ್ಲ ಸಾಕ್ಷಿ ಹೇಳಿಕೆಗಳ, ಗುರುತು ಹಾಕಿದ ದಾಖಲೆಗಳ ದೃಢೀಕೃತ ನಕಲು ತೆಗೆಸಿಡಿ. ಅಸಲುಗಳು ಕೋರ್ಟಿನಲ್ಲೇ ಉಳಿದಿರುತ್ತವೆ. ಮೇಲ್ಮನವಿ ಅವಧಿ ಮುಗಿದ ಮೇಲೆ ವಾಪಸ್ ಕೊಡಿ ಎಂದು ಬೇರೆ ಅರ್ಜಿ ಹಾಕಿದರೆ ಮಾತ್ರ ಕೈಗೆ ಬರುತ್ತವೆ. ನಮ್ಮ ಮುಯ್ಯಿ ಪುಸ್ತಕದ ರಟ್ಟಿನ ಮೇಲೆ ಈಗ ಕೋರ್ಟಿನ ಸೀಲು, ನಿಶಾನೆ ಪಿ-7 ಎಂಬ ಗುರುತು ಇದೆ.